ಮುಚ್ಚಿಟ್ಟದ್ದು, ಕಾಪಾಡಿದ್ದು

ಹಿಂದಿನ ಕಾಲದಲ್ಲಿ ಕಸಬು ಕಲಿಯಬಂದವನಿಗೆ ಮೊದಲ ದಿನವೇ ಕಸಬು ಕಲಿಸುತ್ತಿರಲಿಲ್ಲ. ಅಕ್ಕಸಾಲಿಗನ ಅಂಗಡಿ ಸೇರಿದ ಹುಡುಗ ಚಿನ್ನವನ್ನು ಮುಟ್ಟುವ ಮೊದಲು ಎಷ್ಟೋ ಕಾಲ ಅಗ್ಗಿಷ್ಟಿಕೆಗೆ ಇದ್ದಲು ಹಾಕುತ್ತಿದ್ದ. ಸಂಗೀತ ಕಲಿಯಬಂದವನು ತಂಬೂರಿ ಮೀಟುತ್ತ ಗುರುವಿನ ಬೆನ್ನ ಹಿಂದೆ ಕುಳಿತಿರುತ್ತಿದ್ದ. ಕೈ ಪಳಗುವುದಕ್ಕೆ ಮೊದಲು ಕಣ್ಣು ಪಳಗಬೇಕು, ಕಣ್ಣಿಗೂ ಮೊದಲು ಮನಸ್ಸು ಪಳಗಬೇಕು ಎಂಬುದು ಆ ಪದ್ಧತಿಯ ಒಳಗುಟ್ಟು.

ಈಗ ಅದೇ ಪದ್ಧತಿ ಹೊಸ ಉಡುಪು ತೊಟ್ಟು ಕಾಲೇಜುಗಳೊಳಕ್ಕೆ ಬಂದಿದೆ. ಪದವಿ ಮುಗಿಯುವ ಮುನ್ನ ವಿದ್ಯಾರ್ಥಿಗಳು ಕೆಲವು ವಾರ ಎಲ್ಲಿಯಾದರೂ ದುಡಿದು ಬರಬೇಕು, ಬಂದು ವರದಿ ಒಪ್ಪಿಸಬೇಕು, ಅದಕ್ಕೂ ಅಂಕಗಳುಂಟು. ಇಂಟರ್ನ್‌ಷಿಪ್ ಎಂದು ಅದರ ಹೆಸರು. ಬಹುಮಂದಿಗೆ ಅದು ಸರ್ಟಿಫಿಕೇಟಿನ ಒಂದು ಹಾಳೆಯಾಗಿ ಮುಗಿಯುತ್ತದೆ. ಎಲ್ಲೋ ಒಬ್ಬಿಬ್ಬರ ಪಾಲಿಗೆ ಮಾತ್ರ ತರಗತಿಯಲ್ಲಿ ಮೂರು ವರ್ಷ ಕೇಳದ ಪಾಠ ಅಲ್ಲಿ ದೊರೆಯುತ್ತದೆ.

ಬೆಂಗಳೂರಿನ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ಓದುತ್ತಿದ್ದ ಒಬ್ಬ ಹುಡುಗಿ ಅಂಥವಳು. ಅವಳ ಗೆಳತಿಯರು ದೂರದರ್ಶನ ವಾಹಿನಿಗಳಿಗೂ ಜಾಹೀರಾತು ಕಚೇರಿಗಳಿಗೂ ಹಂಚಿಹೋದರು. ಅವಳ ಪಾಲಿಗೆ ಬಂದದ್ದು ಒಂದು ಸಂಶೋಧನಾ ತಂಡ. ಮನಸ್ಸಿನ ಕಾಯಿಲೆಯಿಂದ ನೊಂದವರಿಗೆ ಚಿತ್ರ, ಮಣ್ಣು, ಹಾಡುಗಳಿಂದ ಏನಾದರೂ ನೆಮ್ಮದಿ ದೊರೆಯುವುದೇ ಎಂದು ಆ ತಂಡ ಪರೀಕ್ಷಿಸುತ್ತಿತ್ತು. ಈ ಕೆಲಸವನ್ನು ಜನಕ್ಕೆ ತಿಳಿಸುವ ಹನ್ನೆರಡು ನಿಮಿಷದ ಸಾಕ್ಷ್ಯಚಿತ್ರವೊಂದನ್ನು ಅವಳು ತಯಾರಿಸಿಕೊಡಬೇಕಾಗಿತ್ತು.

ಸುದ್ದಿ ಕೇಳಿ ತಾಯಿ ಒಗ್ಗರಣೆ ಸೌಟನ್ನು ಕೈಯಲ್ಲಿ ಹಿಡಿದೇ ಹೊರಗೆ ಬಂದರು.

“ಹುಚ್ಚರ ನಡುವೆ ಕ್ಯಾಮರಾ ಹಿಡಿದು ತಿರುಗಬೇಕೇನೆ? ನಾಳೆ ಸಂಬಂಧ ಕೇಳಿಕೊಂಡು ಬಂದವರು ಹುಡುಗಿ ಎಲ್ಲಿ ಕೆಲಸ ಕಲಿತಳು ಅಂದರೆ ಏನಂತ ಹೇಳಲಿ?”

“ಅಂಕ ಬರುತ್ತದಲ್ಲ, ಹೋಗಿ ಬರಲಿ ಬಿಡು” ಎಂದರು ತಂದೆ, ಪತ್ರಿಕೆಯ ಮರೆಯಿಂದ.

ತಾಯಿಯನ್ನು ದೂರಿ ಫಲವಿಲ್ಲ. ಬೆಂಗಳೂರಿನ ಹಳೆಯ ಆಸ್ಪತ್ರೆ 1925ರಲ್ಲಿ ‘ಮೈಸೂರು ಸರ್ಕಾರಿ ಮಾನಸಿಕ ಆಸ್ಪತ್ರೆ’ ಎಂಬ ಹೆಸರು ಪಡೆಯಿತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಎರಡೂ ಒಂದಾಗಿ ಇಂದಿನ ನಿಮ್ಹಾನ್ಸ್ ಆಯಿತು. ಬಾಗಿಲ ಮೇಲಿನ ಹಲಗೆ ಇಷ್ಟು ಬಾರಿ ಬದಲಾದರೂ ಬೀದಿಯ ನಾಲಗೆ ‘ಹುಚ್ಚಾಸ್ಪತ್ರೆ’ ಎಂಬ ಒಂದೇ ಮಾತನ್ನು ಬಹುಕಾಲ ಹಿಡಿದುಕೊಂಡಿತ್ತು. ಹಲಗೆ ಬದಲಿಸಲು ಒಂದು ಆಜ್ಞೆ ಸಾಕು. ಮಾತು ಬದಲಾಗಲು ತಲೆಮಾರುಗಳು ಬೇಕು.

ಹುಡುಗಿ ಹೋದದ್ದು ಆಸ್ಪತ್ರೆಗಲ್ಲ, ಹೊಂಗೆಮರದ ನೆರಳಿನ ಒಂದು ಹಳೆಯ ಮನೆಗೆ. ಅದರ ನಡುಮನೆಯಲ್ಲಿ ಮಂಗಳವಾರ, ಶುಕ್ರವಾರ ಎರಡೆರಡು ಗಂಟೆಗಳಂತೆ ಹತ್ತು ವಾರ ಹನ್ನೆರಡು ಮಂದಿ ಸೇರುತ್ತಿದ್ದರು. ಎಲ್ಲರೂ ವೈದ್ಯರ ಆರೈಕೆಯಲ್ಲಿದ್ದವರು, ಹೇಳಿದ ಔಷಧಿಯನ್ನು ತಪ್ಪದೆ ತೆಗೆದುಕೊಳ್ಳುತ್ತಿದ್ದವರು. ಔಷಧಿ ಬಿಟ್ಟು ಬಣ್ಣ ಹಿಡಿಯಿರಿ ಎಂದು ಅಲ್ಲಿ ಯಾರೂ ಹೇಳುತ್ತಿರಲಿಲ್ಲ. ಮೊದಲ ವಾರ ಒಂದು ಪ್ರಶ್ನಾವಳಿ, ಕೊನೆಯ ವಾರ ಅದೇ ಪ್ರಶ್ನಾವಳಿ: ನಿದ್ರೆ ಹೇಗಿದೆ, ಹಸಿವು ಹೇಗಿದೆ, ಇನ್ನೊಬ್ಬರೊಡನೆ ಮಾತನಾಡಬೇಕೆನಿಸುವುದೆ? ಅಷ್ಟೇ ಸಂಖ್ಯೆಯ ಬೇರೆ ಮಂದಿ ಮುಂದಿನ ಸರದಿಗಾಗಿ ಕಾಯುತ್ತಿದ್ದರು. ಅವರಿಗೂ ಅವೇ ಪ್ರಶ್ನೆಗಳು. ಏಕೆಂದರೆ ಹತ್ತು ವಾರ ಕಳೆದರೆ ಕೆಲವರ ದುಗುಡ ತಾನಾಗಿಯೇ ಇಳಿಯಬಹುದು. ಇಳಿದದ್ದು ಮಣ್ಣಿನ ಗುಣವೋ ಕಾಲದ ಗುಣವೋ ಎಂದು ತಿಳಿಯಬೇಕಾದರೆ ಎರಡು ಗುಂಪನ್ನೂ ತೂಗಿ ನೋಡಬೇಕು. ಇದಲ್ಲದೆ, ಜನ ಮಾಡಿದ ವಸ್ತುವೂ ಅದನ್ನು ಕುರಿತು ಅವರಾಡಿದ ಮಾತೂ ಅಲ್ಲಿ ಸಾಕ್ಷ್ಯವಾಗಿ ಸಲ್ಲುತ್ತಿತ್ತು. ಪ್ರಶ್ನಾವಳಿಯ ಚೌಕದಲ್ಲಿ ಹಿಡಿಸದ ಸಂಗತಿ ಒಂದು ಮುದ್ದೆ ಮಣ್ಣಿನಲ್ಲಿ ಹಿಡಿಸುವುದುಂಟು.

ಈ ವಿಚಾರ ನಿನ್ನೆ ಮೊನ್ನೆಯದಲ್ಲ. ಕ್ಷಯರೋಗಿಗಳ ಆರೋಗ್ಯಧಾಮದಲ್ಲಿ ಮಲಗಿ ಚಿತ್ರ ಬರೆದು ಚೇತರಿಸಿಕೊಂಡ ಇಂಗ್ಲೆಂಡಿನ ಕಲಾವಿದ ಏಡ್ರಿಯನ್ ಹಿಲ್ ‘ಕಲಾಚಿಕಿತ್ಸೆ’ ಎಂಬ ಮಾತನ್ನು ಬಳಕೆಗೆ ತಂದದ್ದು 1942ರಲ್ಲಿ. 1946ರಲ್ಲಿ ಎಡ್ವರ್ಡ್ ಆಡಮ್ಸನ್ ಎಂಬಾತ ನೆದರ್ನ್ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಗಳಿಗಾಗಿ ಚಿತ್ರಶಾಲೆ ನಡೆಸತೊಡಗಿದ. ಅದೇ 1946ರಲ್ಲಿ ಬ್ರೆಜಿಲಿನ ವೈದ್ಯೆ ನೀಸೆ ದ ಸಿಲ್ವೇರ, ವಿದ್ಯುತ್ ಆಘಾತದಂಥ ಚಿಕಿತ್ಸೆಗಳಿಗೆ ಕೈಹಾಕಲೊಲ್ಲದೆ, ರಿಯೊ ನಗರದ ಆಸ್ಪತ್ರೆಯಲ್ಲಿ ಬಣ್ಣ ಕುಂಚಗಳ ಕೋಣೆಯನ್ನು ತೆರೆದಳು. ವಿಶ್ವ ಆರೋಗ್ಯ ಸಂಸ್ಥೆಯ ಐರೋಪ್ಯ ಶಾಖೆ 2019ರಲ್ಲಿ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ, ಆರೋಗ್ಯ ಕಾಪಾಡುವುದರಲ್ಲಿಯೂ ಕಾಯಿಲೆಯೊಡನೆ ಬಾಳುವುದರಲ್ಲಿಯೂ ಕಲೆಗೆ ಪಾತ್ರವುಂಟೆಂದು ವರದಿ ಮಾಡಿತು. ಆದರೆ ಆ ಅಧ್ಯಯನಗಳೆಲ್ಲ ಒಂದೇ ತೂಕದವಲ್ಲ ಎಂಬುದನ್ನೂ ಅದು ಮರೆಮಾಚಲಿಲ್ಲ.

ಮೊದಲ ದಿನ ಹುಡುಗಿ ಕಾಲೇಜಿನ ಕ್ಯಾಮರಾವನ್ನೂ ಮುಕ್ಕಾಲಿಯನ್ನೂ ಹೆಗಲಿಗೇರಿಸಿ ಬಂದಳು. ತಂಡದ ಹಿರಿಯ ಸಂಶೋಧಕಿ ಅದನ್ನು ನೋಡಿ ನಕ್ಕರು.

“ಅದು ಚೀಲದಲ್ಲೇ ಇರಲಿ. ನೀನು ಮೊದಲು ಮಣ್ಣು ಕಲಸಮ್ಮ.”

ಹುಡುಗಿಗೆ ಮನಸ್ಸಿನಲ್ಲಿ ಕಸಿವಿಸಿ. ಇರುವುದು ಕೆಲವೇ ವಾರ. ಅದರಲ್ಲಿ ಒಂದು ವಾರ ಮಣ್ಣು ಕಲಸುತ್ತ ಕುಳಿತರೆ ಚಿತ್ರವೆಂದು? ಆದರೂ ಕುಳಿತು ಒಂದು ಹಣತೆ ಮಾಡಿದಳು. ಶುಕ್ರವಾರ ಬಂದು ನೋಡಿದರೆ ಹಣತೆ ಎರಡಾಗಿ ಬಿರಿದಿತ್ತು. ಪಕ್ಕದಲ್ಲಿದ್ದ ನಿವೃತ್ತ ಗುಮಾಸ್ತರೊಬ್ಬರು, ಅದುವರೆಗೆ ಯಾರೊಡನೆಯೂ ತುಟಿ ತೆರೆಯದವರು, ಅದನ್ನು ಕೈಗೆತ್ತಿಕೊಂಡು ನೋಡಿದರು.

“ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಒಣಗುವಾಗ ಬಿರಿಯದೆ ಏನಾದೀತು? ಇನ್ನೊಂದು ಮಾಡಿ.”

ಆ ಹನ್ನೆರಡು ಮಂದಿಯ ನಡುವೆ ಅವಳು ಹದಿಮೂರನೆಯವಳಾದದ್ದು ಆ ಗಳಿಗೆಯಲ್ಲಿ. ಎರಡನೆಯ ವಾರ ಕ್ಯಾಮರಾ ಮುಕ್ಕಾಲಿಯ ಮೇಲೆ ನಿಂತಿತು, ಕಣ್ಣಿಗೆ ಮುಚ್ಚಳ ಹಾಕಿಕೊಂಡು. ಜನ ಅದರತ್ತ ನೋಡಿದರು. ಒಬ್ಬಿಬ್ಬರು ಬಂದು ಮುಟ್ಟಿದರು. ಒಬ್ಬ ತರುಣ ಅದರೊಳಗಿಂದ ಹೊಂಗೆಮರವನ್ನು ಇಣುಕಿದ. ಮೂರನೆಯ ವಾರ ಮುಚ್ಚಳ ತೆಗೆಯಬಹುದೆ ಎಂದು ಒಬ್ಬೊಬ್ಬರನ್ನೂ ಕೇಳಲಾಯಿತು. ಐವರು ಒಪ್ಪಿದರು, ನಾಲ್ವರು ಮುಖ ಬೇಡವೆಂದರು, ಮೂವರು ಏನೂ ಬೇಡವೆಂದರು. ಆ ಮೂವರ ಕುರ್ಚಿಗಳನ್ನು ಕ್ಯಾಮರಾ ಕಾಣದ ಮೂಲೆಗೆ ಸರಿಸಿದರು.

ಇಷ್ಟೊಂದು ನೇಮವೇಕೆ ಎಂದು ಹುಡುಗಿ ಕೇಳಿದಾಗ ಸಂಶೋಧಕಿ ಅವಳಿಗೆ ಒಂದು ಕಥೆ ಹೇಳಿದರು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಅಪರಾಧಿಗಳೆನಿಸಿದ ಮನೋರೋಗಿಗಳ ಒಂದು ಆಸ್ಪತ್ರೆ. ಅದರೊಳಗೆ ಕ್ಯಾಮರಾ ಒಯ್ದು ಫ್ರೆಡರಿಕ್ ವೈಸ್‌ಮನ್ ಎಂಬಾತ ‘ಟಿಟಿಕಟ್ ಫಾಲೀಸ್’ ಎಂಬ ಸಾಕ್ಷ್ಯಚಿತ್ರ ತೆಗೆದ; 1967ರಲ್ಲಿ ಅದು ಹೊರಬಂತು. ಅಲ್ಲಿಯ ಕ್ರೌರ್ಯವನ್ನು ಅದು ಲೋಕಕ್ಕೆ ತೋರಿಸಿತು. ಆದರೆ ತೋರಿಸಿದ ಮೈಗಳು ಯಾರವು? ಬೆತ್ತಲೆ ನಿಂತ ಆ ಬಡಪಾಯಿಗಳಲ್ಲಿ ಎಷ್ಟು ಮಂದಿಗೆ ಒಪ್ಪುವ, ಒಲ್ಲೆನೆನ್ನುವ ಶಕ್ತಿ ಇತ್ತು? ಅವರ ಮಾನ ಹೋಯಿತೆಂದು ಸರ್ಕಾರ ನ್ಯಾಯಾಲಯಕ್ಕೆ ಹೋಯಿತು. ಚಿತ್ರ ಸಾರ್ವಜನಿಕರ ಕಣ್ಣಿಗೆ ಬೀಳದಂತಾಯಿತು. ನಿರ್ಬಂಧ ತೊಲಗಿದ್ದು 1991ರಲ್ಲಿ. ಸರ್ಕಾರ ಕಾಪಾಡಿದ್ದು ರೋಗಿಗಳ ಮಾನವನ್ನೋ ತನ್ನ ಮಾನವನ್ನೋ ಎಂದು ಕೇಳುವವರು ಅಂದೂ ಇದ್ದರು, ಇಂದೂ ಇದ್ದಾರೆ.

“ಎರಡು ಕಡೆಯ ಮಾತೂ ನಿಜವೇ” ಎಂದರು ಅವರು. “ಆದರೆ ಆ ರೋಗಿಗಳಲ್ಲಿ ಬಹುಮಂದಿಯನ್ನು ಎರಡು ಕಡೆಯವರೂ ಸರಿಯಾಗಿ ಕೇಳಲಿಲ್ಲ, ನೋಡು.”

ಭಾರತದಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಈ ಬಗೆಗೆ ಸ್ಪಷ್ಟವಾಗಿದೆ. ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆಯುತ್ತಿರುವವರ ಭಾವಚಿತ್ರವನ್ನಾಗಲಿ ವಿವರವನ್ನಾಗಲಿ ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಗಳಿಗೆ ಕೊಡಕೂಡದೆಂದು ಅದರ 24ನೆಯ ಪ್ರಕರಣ ಹೇಳುತ್ತದೆ. ಆ ನಡುಮನೆ ಆಸ್ಪತ್ರೆಯಲ್ಲದಿದ್ದರೂ ತಂಡ ಅದೇ ಮಾತನ್ನು ತನ್ನ ನೇಮವಾಗಿ ಇಟ್ಟುಕೊಂಡಿತ್ತು.

ಒಪ್ಪಿದ ಐವರಲ್ಲಿ ಐವತ್ತರ ಸುಮಾರಿನ ಒಬ್ಬ ಹೆಂಗಸು ಇದ್ದರು. ಮನೆಯಲ್ಲಿ ರವಿಕೆ ಹೊಲಿದು ಸಂಸಾರ ತೂಗಿಸಿದವರು. ಅವರು ಮಣ್ಣಿನಲ್ಲಿ ಅಂಗೈಯಗಲದ ಒಂದು ರುಬ್ಬುವ ಕಲ್ಲನ್ನು ಮಾಡುತ್ತಿದ್ದರು. ತವರಿನ ಹಿತ್ತಿಲಲ್ಲಿ ಇದ್ದಂಥದು. ಐದನೆಯ ವಾರ ಗುಂಡನ್ನು ಗುಳಿಗೆ ಹೊಂದಿಸುತ್ತ ಹೊಂದಿಸುತ್ತ ಅವರು ಮಾತಿಗೆ ತೊಡಗಿದರು. ಯಜಮಾನರು ತೀರಿಕೊಂಡದ್ದು, ಮೇಲೆ ಎರಡು ವರ್ಷ ಹೊಲಿಗೆ ಯಂತ್ರದ ಮೇಲಿನ ಬಟ್ಟೆ ಸರಿಸದೆ ಇದ್ದದ್ದು, ಹಗಲಿನಲ್ಲಿ ಬಾಗಿಲು ಹಾಕಿಕೊಳ್ಳುತ್ತಿದ್ದದ್ದು.

“ಅಡಿಗೆಮನೆಯಲ್ಲಿ ಹೋಗಿ ನಿಲ್ಲುತ್ತಿದ್ದೆ. ಯಾಕೆ ಬಂದೆ ಅನ್ನುವುದು ಮರೆತು ಹೋಗುತ್ತಿತ್ತು. ಮರೆತದ್ದಕ್ಕೆ ದುಃಖವೂ ಆಗುತ್ತಿರಲಿಲ್ಲ, ಮಗು. ಅದೇ ಭಯ.”

ಹೇಳುವಾಗ ಅವರ ಕಣ್ಣಿಂದ ನೀರಿಳಿಯಲಿಲ್ಲ. ಮುಖದಲ್ಲಿ ಏನೋ ಒಂದು ಅಲುಗಿ ನಿಂತಿತು. ಕ್ಯಾಮರಾ ಅದನ್ನು ಹಿಡಿದಿತ್ತು. ಹನ್ನೆರಡು ನಿಮಿಷದ ಚಿತ್ರಕ್ಕೆ ಪ್ರಾಣವೆಲ್ಲಿದೆ ಎಂದು ಹುಡುಗಿಗೆ ತಿಳಿದುಹೋಯಿತು.

ಅವಳು ರಾತ್ರಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ದೃಶ್ಯಗಳನ್ನು ಜೋಡಿಸುತ್ತಿದ್ದಳು. ಒಂದು ರಾತ್ರಿ ತಾಯಿ ಹಾಲು ತಂದರು. ಬಳೆಯ ಸದ್ದು ಕೇಳಿದೊಡನೆ ಹುಡುಗಿ ಲ್ಯಾಪ್‌ಟಾಪ್ ಮುಚ್ಚಿದಳು.

“ನನಗೂ ತೋರಿಸಬಾರದೇನೆ?”

“ಇಲ್ಲಮ್ಮ. ಅವರು ನನ್ನ ಮುಂದೆ ಹೇಳಿದ್ದು. ಜೋಡಿಸಿದ ಮೇಲೆ ಮೊದಲು ಅವರೇ ನೋಡಬೇಕು. ಆಮೇಲೆ ಅವರು ಸರಿ ಅಂದರೆ ಉಳಿದವರು.”

“ಬೇಡ ಅಂದರೆ?”

“ಬೇಡ ಅಂದರೆ ತೆಗೆಯಬೇಕು.”

“ಇಷ್ಟು ಕಷ್ಟಪಟ್ಟು ತೆಗೆದದ್ದನ್ನೇ?”

“ಹೂಂ.”

ತಾಯಿ ಹಾಲಿನ ಲೋಟ ಇಟ್ಟವರು ಹೋಗಲಿಲ್ಲ. ಎದುರಿನ ಕುರ್ಚಿಯಲ್ಲಿ ಕುಳಿತರು. ಬಹಳ ಹೊತ್ತಿನ ಮೇಲೆ ಅಜ್ಜಿಯ ಮನೆಯ ಆಲ್ಬಮಿನ ಮಾತು ತೆಗೆದರು. ಅದರಲ್ಲಿ ಮದುವೆಯ ಚಿತ್ರವೊಂದು ಉಂಟು. ಬಲಗಡೆಯ ಅಂಚು ಕತ್ತರಿಯಲ್ಲಿ ಕತ್ತರಿಸಿದ್ದು. ಗೆದ್ದಲು ಹಿಡಿದಿತ್ತು ಎಂದೇ ಮಕ್ಕಳಿಗೆ ಹೇಳಿದ್ದರು. ಅಲ್ಲಿ ನಿಂತಿದ್ದವರು ತಾಯಿಯ ಅಣ್ಣ. ಮೃದಂಗ ಚೆನ್ನಾಗಿ ನುಡಿಸುತ್ತಿದ್ದರಂತೆ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಕಾಯಿಲೆ ಕಾಣಿಸಿಕೊಂಡಿತು. ಹಿಂದಿನ ಕೋಣೆಯಲ್ಲಿಟ್ಟರು, ಮೃದಂಗವನ್ನು ಅಟ್ಟಕ್ಕೆ ಹಾಕಿದರು, ತಂಗಿಯರ ಮದುವೆ ಮಾತುಕತೆಯ ದಿನಗಳಲ್ಲಿ ಆ ಕೋಣೆಗೆ ಬೀಗ ಬೀಳುತ್ತಿತ್ತು. ಅವರು ತೀರಿಕೊಂಡ ಮೇಲೆ ಅವರ ಹೆಸರನ್ನು ಯಾವ ಮಗುವಿಗೂ ಇಡಲಿಲ್ಲ, ಯಾರೂ ಎತ್ತಲಿಲ್ಲ. ಆ ರಾತ್ರಿ ತಾಯಿ ಹೆಸರನ್ನು ಹೇಳಿದರು. ಅದನ್ನು ಇಲ್ಲಿ ಬರೆಯಬೇಕಾದ್ದಿಲ್ಲ. ಅದು ಆ ಮನೆಯವರದು.

ಮುಚ್ಚಿದ ಲ್ಯಾಪ್‌ಟಾಪೊಂದು ಮುಚ್ಚಿದ ಬಾಯನ್ನು ತೆರೆಸಿತ್ತು. ಪರರ ಗುಟ್ಟನ್ನು ಕಾಯಬಲ್ಲವಳ ಮುಂದೆ ತನ್ನ ಗುಟ್ಟನ್ನು ಇಡಬಹುದೆಂದು ಆ ತಾಯಿಗೆ ತೋರಿರಬೇಕು.

ಹೆಸರು ಅಳಿಸಿಹೋಗುವುದು ಒಂದು ಮನೆಯ ಕಥೆಯಷ್ಟೇ ಅಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯ ಹೈಡಲ್‌ಬರ್ಗಿನಲ್ಲಿ ಹಾನ್ಸ್ ಪ್ರಿನ್‌ಜ್‌ಹಾರ್ನ್ ಎಂಬ ವೈದ್ಯ ಮಾನಸಿಕ ಆಸ್ಪತ್ರೆಗಳಿಂದ ಸಾವಿರಾರು ಚಿತ್ರಗಳನ್ನು ಕೂಡಿಸಿದ. 1922ರಲ್ಲಿ ಅವುಗಳ ಮೇಲೆ ಒಂದು ಹೆಸರಾಂತ ಗ್ರಂಥ ಪ್ರಕಟಿಸಿದ. ರೋಗಿಗಳ ಮಾನ ಕಾಯಲೆಂದು ಅವರಿಗೆ ಬೇರೆ ಹೆಸರುಗಳನ್ನು ಕೊಟ್ಟ. ಅದರಲ್ಲಿ ‘ಪೋಲ್’ ಎಂದು ಕರೆದ ಕಲಾವಿದನ ನಿಜನಾಮ ಫ್ರಾಂಜ್ ಕಾರ್ಲ್ ಬ್ಯೂಲರ್, ಕಬ್ಬಿಣದ ಕುಸುರಿ ಕೆಲಸದಲ್ಲಿ ನಿಪುಣ. 1940ರಲ್ಲಿ ನಾಜಿಗಳು ಗ್ರಾಫೆನೆಕ್ ಎಂಬಲ್ಲಿ ಆತನನ್ನು ಕೊಂದರು. ಮನೋರೋಗಿ ಎಂಬುದೇ ಆತನ ಅಪರಾಧ. ಚಿತ್ರಗಳನ್ನು ಲೋಕ ಮೆಚ್ಚಿತು, ಬರೆದವನನ್ನು ಇನ್ನೊಂದು ಹೆಸರಿನಿಂದ. ಇದಕ್ಕೆ ಪ್ರತಿಯಾಗಿ, ನೀಸೆ ದ ಸಿಲ್ವೇರಳ ಚಿತ್ರಶಾಲೆಯನ್ನು ಕುರಿತು ಬ್ರೆಜಿಲಿನ ಲಿಯೋನ್ ಹಿರ್ಷ್‌ಮನ್ 1980ರ ದಶಕದಲ್ಲಿ ತೆಗೆದ ಸಾಕ್ಷ್ಯಚಿತ್ರದ ಮೂರು ಭಾಗಗಳು ಮೂವರು ರೋಗಿ–ಕಲಾವಿದರವು: ಫೆರ್ನಾಂಡೊ ದಿನಿಸ್, ಅದೆಲಿನಾ ಗೋಮೆಸ್, ಕಾರ್ಲೋಸ್ ಪೆರ್ತುಯಿಸ್. ಹೆಸರುಗಳೊಡನೆಯೇ ಅವರು ಕಲಾವಿದರೆನಿಸಿದರು. ಪ್ಯಾರಿಸಿನಲ್ಲಿ ಸೆನ್ ನದಿಯ ಮೇಲೆ ತೇಲುವ ಒಂದು ಆರೈಕೆ ಕೇಂದ್ರದಲ್ಲಿ ರೋಗಿಗಳು ಹಾಡುವುದನ್ನೂ ಚಿತ್ರ ಬರೆಯುವುದನ್ನೂ ತೆಗೆದ ನಿಕೋಲಾ ಫಿಲಿಬೇರನ ‘ಅದಮಾಂ’ ಚಿತ್ರ 2023ರಲ್ಲಿ ಬರ್ಲಿನ್ ಉತ್ಸವದ ಅತ್ಯುನ್ನತ ಪ್ರಶಸ್ತಿ ಪಡೆಯಿತು. ಅಲ್ಲಿ ಮುಖಗಳು ಮರೆಯಾಗಿಲ್ಲ.

ಹಾಗಾದರೆ ಹೆಸರು ಹೇಳುವುದು ಸರಿಯೋ, ಹೇಳದಿರುವುದು ಸರಿಯೋ? ಪ್ರಶ್ನೆಯೇ ತಪ್ಪು. ಹೇಳಬೇಕೆ ಬೇಡವೆ ಎಂದು ನಿರ್ಧರಿಸಿದವರು ಯಾರು ಎಂದು ಕೇಳಬೇಕು. ಇನ್ನೊಬ್ಬರು ನಿರ್ಧರಿಸಿದರೆ ಅದು ಮುಚ್ಚಿಡುವುದು. ತಾವೇ ನಿರ್ಧರಿಸಿ, ಅದಕ್ಕೆ ಉಳಿದವರು ನಡೆದುಕೊಂಡರೆ ಅದು ಕಾಪಾಡುವುದು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ತೆರನಾದ ಮೌನ.

ಎಂಟನೆಯ ವಾರ ರವಿಕೆ ಹೊಲಿಯುವ ಆ ತಾಯಿ ತಮ್ಮ ಭಾಗವನ್ನು ನೋಡಿದರು. ನೋಡಿ, ಇನ್ನೊಮ್ಮೆ ಹಾಕು ಎಂದರು. ಎರಡನೆಯ ಸಲ ಮುಗಿದ ಮೇಲೆ ಸೆರಗನ್ನು ಸರಿಪಡಿಸಿಕೊಂಡರು.

“ಚೆನ್ನಾಗಿ ತೆಗೆದಿದ್ದೀಯ, ಮಗು. ಅಂದು ಹೇಳಬೇಕು ಅನ್ನಿಸಿತು, ಹೇಳಿದೆ. ಹೇಳಿದ್ದಕ್ಕೆ ಹಗುರವೂ ಆಯಿತು. ಆದರೆ ಎಲ್ಲರೂ ನೋಡುವುದು ಬೇಡ.”

ಸಹಿ ಮಾಡಿದ ಕಾಗದ ಕಡತದಲ್ಲಿ ಭದ್ರವಾಗಿತ್ತು. ಅದನ್ನು ಯಾರೂ ನೆನಪಿಸಲಿಲ್ಲ. ಕೈಗಳನ್ನಾದರೂ ಇಡಬಹುದೆ ಎಂದು ಹುಡುಗಿ ಕೇಳಿದಳು. ಅವರು ಬಲಗೈ ಮುಂದಕ್ಕೆ ಚಾಚಿ ತೋರಿಸಿದರು. ಮುಂಗೈ ಮೇಲೆ ಹಳೆಯ ಸುಟ್ಟ ಗಾಯದ ಕಲೆ.

“ಬೀದಿಯವರೆಲ್ಲ ಈ ಕೈಗೆ ಅಳತೆ ಕೊಟ್ಟವರೇ. ಗುರುತು ಹಿಡಿಯುತ್ತಾರೆ. ಕಲ್ಲು ಬೇಕಾದರೆ ತೋರಿಸು.”

ಕಲ್ಲು ಉಳಿಯಿತು. ಅದರ ತಳದಲ್ಲಿ ಅವರು ಸೂಜಿಯಿಂದ ತಮ್ಮ ಹೆಸರನ್ನು ಕೊರೆದಿದ್ದರು. ಚಿತ್ರದಲ್ಲಿ ತಳ ಕಾಣುವುದಿಲ್ಲ. ಎತ್ತಿ ನೋಡಿದವರಿಗೆ ಮಾತ್ರ ಕಾಣುತ್ತದೆ.

ಆ ದೃಶ್ಯ ಹೋದದ್ದರಿಂದ ಚಿತ್ರ ಸೊರಗಿತು. ಕಳೆದದ್ದಕ್ಕಿಂತ ಉತ್ತಮವಾದದ್ದೊಂದು ಅದರ ಜಾಗದಲ್ಲಿ ಬಂತೆಂದು ಹೇಳಿದರೆ ಸುಳ್ಳಾದೀತು. ಹನ್ನೆರಡು ನಿಮಿಷ ಒಂಬತ್ತು ನಿಮಿಷವಾಯಿತು.

ಅದರ ಮೇಲೆ ಮಾತಿನ ಕತ್ತರಿಯೂ ಬಿತ್ತು. ‘ಕಲೆಯು ಇವರ ಖಿನ್ನತೆಯನ್ನು ಗುಣಪಡಿಸಿತು’ ಎಂದು ಹುಡುಗಿ ನಿರೂಪಣೆಯಲ್ಲಿ ಬರೆದಿದ್ದಳು. ಸಂಶೋಧಕಿ ಕೆಂಪು ಶಾಯಿಯಿಂದ ಅದನ್ನು ಹೊಡೆದುಹಾಕಿದರು. ಲೆಕ್ಕ ಇನ್ನೂ ಮುಗಿದಿಲ್ಲ. ಮುಗಿದರೂ ಹನ್ನೆರಡು ಮಂದಿಯ ಲೆಕ್ಕ ಲೋಕದ ಲೆಕ್ಕವಾಗದು. ‘ಕೆಲವರು ನಿದ್ರೆ ಸುಧಾರಿಸಿತೆಂದು ಹೇಳಿದರು’ ಎಂಬುದು ಅದರ ಜಾಗದಲ್ಲಿ ಬಂತು. ಏಳನೆಯ ವಾರದ ಹೊತ್ತಿಗೆ ಇಬ್ಬರು ಬರುವುದನ್ನು ನಿಲ್ಲಿಸಿದ್ದರು. ಅದನ್ನು ಹೇಳದೆ ಬಿಡಬಹುದಲ್ಲ ಎಂದು ಹುಡುಗಿ ಮೆಲ್ಲಗೆ ಕೇಳಿದಳು.

“ಬಿಟ್ಟು ಹೋದವರನ್ನು ಬಿಟ್ಟು ಲೆಕ್ಕ ಹಾಕಿದರೆ, ಉಳಿದವರ ಲೆಕ್ಕವೂ ಸುಳ್ಳಾಗುತ್ತದಮ್ಮ.”

ಹೀಗೆ ಎರಡು ಖಾಲಿ ಕುರ್ಚಿಗಳೂ ಚಿತ್ರದೊಳಗೆ ಬಂದವು.

ಕಾಲೇಜಿನಲ್ಲಿ ಪರೀಕ್ಷಕರು ಚಿತ್ರ ನೋಡಿ ತಲೆದೂಗಿದರು. ತಾಂತ್ರಿಕವಾಗಿ ಅಚ್ಚುಕಟ್ಟು, ಆದರೆ ಭಾವ ಸಾಲದು ಎಂದರು. ಮನಸ್ಸಿಗೆ ನಾಟುವ ಒಂದಾದರೂ ಮುಖವಿದ್ದಿದ್ದರೆ ಎಂದರು. ಹುಡುಗಿ ಏನನ್ನೂ ವಿವರಿಸಹೋಗಲಿಲ್ಲ. ಇದ್ದ ಮುಖವನ್ನು ತೆಗೆದೆನೆಂದು ಹೇಳುವುದೂ ಆ ಮುಖವನ್ನು ತೋರಿಸಿದಂತೆಯೇ ಎಂದು ಅವಳಿಗೆ ಅಷ್ಟರಲ್ಲಿ ತಿಳಿದಿತ್ತು. ಅಂಕಗಳು ಮಧ್ಯಮ ದರ್ಜೆಯವು ಬಂದವು.

ಆ ಒಂಬತ್ತು ನಿಮಿಷದ ಚಿತ್ರ ಯಾವ ಉತ್ಸವಕ್ಕೂ ಹೋಗಲಿಲ್ಲ. ಹೊಸ ಸರದಿಗೆ ಹೆಸರು ಕೊಡಬಂದವರಿಗೆ ಹೊಂಗೆಮರದ ಮನೆಯಲ್ಲಿ ಮೊದಲು ಅದನ್ನೇ ತೋರಿಸುತ್ತಾರೆ. ಒಳಗೆ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ, ಯಾರು ಉಳಿದರು, ಯಾರು ಹೋದರು ಎಂದು ಅದು ಇದ್ದದ್ದನ್ನು ಇದ್ದಂತೆ ಹೇಳುತ್ತದೆ. ನೋಡಿ ಕೆಲವರು ನಾಳೆಯಿಂದ ಬರುತ್ತೇವೆ ಎನ್ನುತ್ತಾರೆ; ಕೆಲವರು ಇದು ತಮಗಲ್ಲವೆಂದು ನಮಸ್ಕಾರ ಮಾಡಿ ಹೊರಡುತ್ತಾರೆ. ಹೊರಟವರನ್ನು ಯಾರೂ ಏಕೆಂದು ಕೇಳುವುದಿಲ್ಲ.